ಉಜ್ಜುವ ಸದ್ದಿಗೊಂದು ಹೆಸರು

ನಮ್ಮ ಕಾರಿನ ಮೀಟರಿನ ಗಾಜಿನ ಮೇಲೆ ಒಂದು ಕುಂಕುಮದ ಬೊಟ್ಟಿತ್ತು. ಹೋದ ಸಲದ ಆಯುಧಪೂಜೆಯ ದಿನ ನಾನೇ ಇಟ್ಟದ್ದು. ಬಾನೆಟ್ಟಿಗೆ ಮೂರು ಬೆರಳಿನ ವಿಭೂತಿ ಎಳೆದು, ನಾಲ್ಕೂ ಚಕ್ರಗಳಿಗೆ ಅರಿಸಿನ ಕುಂಕುಮ ಹಚ್ಚಿ, ಸ್ಟೇರಿಂಗಿಗೆ ಸೇವಂತಿಗೆ ಸುತ್ತಿ, ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟು ಮುಗಿಸಿದ ಮೇಲೂ ಬೆರಳ ತುದಿಯಲ್ಲಿ ಒಂದಿಷ್ಟು ಒದ್ದೆ ಕುಂಕುಮ ಉಳಿದಿತ್ತು. ಹಾಗೆ ಉಳಿದದ್ದನ್ನು ಸೆರಗಿಗೆ ಒರೆಸಿಕೊಳ್ಳಲು ನಮ್ಮ ಕಡೆಯ ಹೆಂಗಸರಿಗೆ ಮನಸ್ಸು ಬರುವುದಿಲ್ಲ. ಬಾಗಿಲ ಚೌಕಟ್ಟೋ, ಗ್ಯಾಸ್ ಸಿಲಿಂಡರೋ, ಎದುರಿಗೆ ಯಾವುದು ಸಿಕ್ಕಿತೋ ಅದಕ್ಕೆ ಪುಣ್ಯ ಬರಲಿ ಎಂದು ಒತ್ತಿಬಿಡುತ್ತೇವೆ. ಅಂದು ಸಿಕ್ಕಿದ್ದು ಮೀಟರಿನ ಗಾಜು. ಎಡಗಡೆಯ ಕೆಳಮೂಲೆಯಲ್ಲಿ, ಯಾವ ಮುಳ್ಳಿಗೂ ಯಾವ ಅಂಕಿಗೂ ಅಡ್ಡಬಾರದ ಹಾಗೆ, ಹುಣಸೆಬೀಜದಷ್ಟು ದೊಡ್ಡದೊಂದು ಬೊಟ್ಟು ಒತ್ತಿದೆ. ಆಮೇಲೆ ಎಷ್ಟೋ ಸಲ ಕಾರು ತೊಳೆದೆವು, ಒಳಗಿನ ದೂಳು ಹೊಡೆದೆವು, ಆ ಬೊಟ್ಟನ್ನು ಮಾತ್ರ ಬಟ್ಟೆ ಸುತ್ತಿ ಬಳಸಿಕೊಂಡು ಹೋಗುತ್ತಿತ್ತು. ಇಟ್ಟ ಕುಂಕುಮವನ್ನು ಮುತ್ತೈದೆ ತನ್ನ ಕೈಯಾರೆ ಅಳಿಸುವುದುಂಟೇ ಎಂದು ನನ್ನತ್ತೆ ಇದ್ದಿದ್ದರೆ ಕೇಳುತ್ತಿದ್ದರು. ಅವರು ಇಲ್ಲದಿರುವುದರಿಂದ ನಾನೇ ಕೇಳಿಕೊಂಡು, ನಾನೇ ಒಪ್ಪಿಕೊಂಡು, ಸುಮ್ಮನಾಗಿದ್ದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಗುಬ್ಬಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು. ಮನೆ ತುಮಕೂರಿನಲ್ಲಿ, ಗುಬ್ಬಿ ಗೇಟಿನ ಹತ್ತಿರ. ನಮ್ಮನೆಯವರು ಸರ್ಕಾರಿ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿದ್ದು ನಿವೃತ್ತರಾದವರು. ಇಪ್ಪತ್ತೆಂಟು ವರ್ಷವೂ ಅವರು ಬಸ್ಸನ್ನು ಹೊರಡಿಸಿದ್ದಾರೆ, ನಿಲ್ಲಿಸಿದ್ದಾರೆ. ಒಂದು ದಿನವೂ ಓಡಿಸಿಲ್ಲ. ಒಂದು ಸೀಟಿ ಹೊಡೆದರೆ ನಿಲ್ಲುವುದು, ಎರಡು ಹೊಡೆದರೆ ಹೊರಡುವುದು, ಇಷ್ಟೇ ಅವರ ಮತ್ತು ಬಸ್ಸಿನ ನಡುವಿನ ವ್ಯಾಕರಣ. ನಿವೃತ್ತಿಯಾದ ವರ್ಷ ಒಂದು ಸಣ್ಣ ಸೆಕೆಂಡ್ ಹ್ಯಾಂಡ್ ಕಾರು ತಂದಾಗ, ಡ್ರೈವಿಂಗ್ ಕಲಿಯುವವರು ಯಾರು ಎಂಬ ಮಾತು ಬಂತು. "ನನ್ ಕೈಲಾಗಲ್ಲ ಬುಡು, ನೀನೇ ಕಲಿ" ಎಂದರು. ಐವತ್ತು ತುಂಬಿದ ಮೇಲೆ ಕಲಿತೆ. ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾದೆ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಹೀಗೆ ಸೀಟಿ ಹೊಡೆಯುತ್ತಿದ್ದವರು ಸೀಟಿನಲ್ಲಿ ಸುಮ್ಮನೆ ಕೂರಬೇಕಾಗಿ ಬಂತು. ಕೂತ ಕೂಡಲೇ ಬೆಲ್ಟು ಹಾಕಿಕೊಂಡು, ಬಲಗೈಯನ್ನು ನಮ್ಮಿಬ್ಬರ ನಡುವೆ ಇರುವ ಹ್ಯಾಂಡ್ ಬ್ರೇಕಿನ ಮೇಲೆ ಇಡುತ್ತಿದ್ದರು. ಅಷ್ಟು ವರ್ಷ ಬಸ್ಸಿನ ಕಂಬಿ ಹಿಡಿದ ಕೈ, ಏನನ್ನಾದರೂ ಹಿಡಿಯದೆ ಕೂರಲಾರದು ಎಂದುಕೊಂಡು ನಾನು ಅದನ್ನು ಗಮನಕ್ಕೇ ತೆಗೆದುಕೊಳ್ಳಲಿಲ್ಲ. ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ ಗಂಡನ ಕೈ ಎಲ್ಲಿದೆ ಎಂದು ಯಾವ ಹೆಂಡತಿ ನೋಡುತ್ತಾಳೆ, ನೀವೇ ಹೇಳಿ.

ಜೂನ್ ತಿಂಗಳಲ್ಲಿ ನನಗೆ ಬಡ್ತಿಯ ಆದೇಶ ಬಂತು. ಕುಣಿಗಲ್ ತಾಲ್ಲೂಕಿನಲ್ಲಿ, ಹುಲಿಯೂರುದುರ್ಗ ದಾಟಿ ಇನ್ನೂ ನಾಲ್ಕು ಮೈಲಿ ಒಳಗಿರುವ ಊರಿನ ಶಾಲೆಗೆ ಮುಖ್ಯೋಪಾಧ್ಯಾಯಿನಿ. ಹದಿನೈದು ದಿನದೊಳಗೆ ಹೋಗಿ ಹಾಜರಾಗಬೇಕು, ಇಲ್ಲವಾದರೆ ಬಡ್ತಿ ಬೇಡವೆಂದು ಬರೆದುಕೊಡಬೇಕು. ಬೇಡವೆಂದು ಬರೆದುಕೊಟ್ಟವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಬಹುಮಟ್ಟಿಗೆ ಹೆಂಗಸರೇ. ಮನೆ ದೂರ, ಅತ್ತೆಗೆ ಹುಷಾರಿಲ್ಲ, ಬಸ್ಸಿಲ್ಲ ಎಂದು ಸುಂದರವಾದ ಕೈಬರಹದಲ್ಲಿ ಬರೆದು ಸಹಿ ಹಾಕಿದವರು. ನನಗೆ ಅದು ಬೇಕಿತ್ತು. ಮುಚ್ಚಿಡುವುದೇನು, ಇಪ್ಪತ್ತಾರು ವರ್ಷ ಇನ್ನೊಬ್ಬರು ಬಾರಿಸಿದ ಗಂಟೆಗೆ ತರಗತಿಗೆ ಹೋಗಿ ಬಂದವಳಿಗೆ, ಒಮ್ಮೆಯಾದರೂ ಗಂಟೆ ಬಾರಿಸು ಎಂದು ನಾನು ಹೇಳಬೇಕೆಂಬ ಆಸೆ ಬಲವಾಗಿಯೇ ಇತ್ತು. ಆದರೆ ಬಸ್ಸಿನಲ್ಲಿ ಹೋಗುವುದಾದರೆ ತುಮಕೂರಿನಿಂದ ಕುಣಿಗಲ್ಲಿಗೆ ಒಂದು, ಅಲ್ಲಿಂದ ಹುಲಿಯೂರುದುರ್ಗಕ್ಕೆ ಇನ್ನೊಂದು, ಆಮೇಲೆ ಸಿಕ್ಕರೆ ಆಟೋ; ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ಡೂ ಮುಗಿದ ಮೇಲೆ ತಲುಪುವ ಮುಖ್ಯೋಪಾಧ್ಯಾಯಿನಿಯನ್ನು ಮಕ್ಕಳು ಏನೆಂದಾರು? ಕಾರಿನಲ್ಲಿ ಹೋದರೆ ಮಾತ್ರ ಆ ಕೆಲಸ ನನ್ನದು, ಇಲ್ಲವಾದರೆ ಇಲ್ಲ. ಎಲ್ಲವೂ ಆ ಹಳೆಯ ಕಾರಿನ ಮೇಲೆ ನಿಂತಿತ್ತು.

ನಮ್ಮನೆಯವರು ಬೇಡ ಎನ್ನಲಿಲ್ಲ. ಅವರು ಯಾವುದಕ್ಕೂ ಬೇಡ ಎನ್ನುವವರಲ್ಲ, "ನೋಡಾಣ" ಎನ್ನುವವರು. "ಭಾನುವಾರ ಒಂದ್ ಸಲ ಹೋಗಿ ರೋಡ್ ನೋಡ್ಕೊಂಡ್ ಬರಾಣ" ಎಂದರು. ಹೋದೆವು. ಕುಣಿಗಲ್ ಕೆರೆಯ ಏರಿಯ ಮೇಲೆ ಗಾಳಿ ಚೆನ್ನಾಗಿತ್ತು, ನೀರಿತ್ತು, ಕುದುರೆ ಫಾರಮ್ಮಿನ ಬೇಲಿಯಾಚೆ ಎರಡು ಕುದುರೆಗಳು ಯಾವ ಅವಸರವೂ ಇಲ್ಲದೆ ನಿಂತಿದ್ದವು. ಊರು ದಾಟಿ ಹುಲಿಯೂರುದುರ್ಗದ ದಾರಿ ಹಿಡಿದು ಒಂದೆರಡು ಮೈಲಿ ಹೋಗಿರಬೇಕು, ಹಿಂದಿನಿಂದ ಒಂದು ಸದ್ದು ಶುರುವಾಯಿತು. ದೊಡ್ಡ ಸದ್ದಲ್ಲ. ಚಕ್ರ ಒಂದು ಸುತ್ತು ಸುತ್ತಿದಾಗ ಒಮ್ಮೆ, ಇನ್ನೊಂದು ಸುತ್ತಿಗೆ ಇನ್ನೊಮ್ಮೆ, ಯಾರೋ ಏನನ್ನೋ ಉಜ್ಜುತ್ತಿರುವ ಹಾಗೆ. ಕಾರೂ ಸ್ವಲ್ಪ ಭಾರವಾದಂತೆ ಅನಿಸಿತು.

"ಹಿಂದ್ಗಡೆ ಬ್ರೇಕ್ ಉಜ್ತೈತೆ ಕಣೇ ಜಯ" ಎಂದರು ನಮ್ಮನೆಯವರು. ಬಸ್ಸಿನಲ್ಲಿ ಅಷ್ಟು ವರ್ಷ ಹಿಂದಿನ ಬಾಗಿಲಲ್ಲಿ ನಿಂತ ಕಿವಿ, ಹಿಂದಿನ ಸದ್ದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಇಂಥ ಗಾಡೀಲಿ ದಿನಾ ಈ ರೋಡಲ್ಲಿ ಓಡಾಡೋದಾ?" ಎಂದರು. ನಾನು ಓಡಿಸುತ್ತಲೇ ಹೋದೆ. ಶಾಲೆ ನೋಡಿದೆವು, ಹೆಂಚಿನ ಕಟ್ಟಡ, ಮುಂದೆ ಎರಡು ಬೇವಿನ ಮರ, ಒಂದು ಕೊಂಬೆಗೆ ರೈಲಿನ ಕಂಬಿಯ ತುಂಡೊಂದನ್ನು ಗಂಟೆಯ ಬದಲು ನೇತುಹಾಕಿದ್ದರು. ಯಾರೂ ಇರಲಿಲ್ಲವಾದ್ದರಿಂದ ಒಂದು ಕಲ್ಲು ತೆಗೆದುಕೊಂಡು ಅದಕ್ಕೆ ಒಮ್ಮೆ ಬಡಿದು ನೋಡಿದೆ. ವಾಪಸು ಹೊರಟಾಗ ಸದ್ದಿರಲಿಲ್ಲ; ಕುಣಿಗಲ್ ಹತ್ತಿರ ಬರುವಷ್ಟರಲ್ಲಿ ಮತ್ತೆ ಬಂತು.

ಕನ್ನಡದಲ್ಲಿ ಹಿಂದೆ ಎಂದರೆ ಬೆನ್ನ ಕಡೆಯೂ ಹೌದು, ಕಳೆದುಹೋದ ಕಾಲವೂ ಹೌದು. ಎರಡರಿಂದಲೂ ಬರುವ ಸದ್ದು ಒಂದೇ ಬಗೆಯದು. ತಿರುಗಿ ನೋಡಿದರೆ ಏನೂ ಕಾಣುವುದಿಲ್ಲ, ಮುಂದೆ ನೋಡಿಕೊಂಡು ಹೊರಟರೆ ಕೇಳಿಸುತ್ತದೆ. ಮುಂದಿನ ಚಕ್ರದಲ್ಲಿ ಏನಾದರೂ ಆದರೆ ಸ್ಟೇರಿಂಗಿನ ಮೂಲಕ ಕೈಗೆ ತಿಳಿಯುತ್ತದೆ ಎನ್ನುತ್ತಾರೆ. ಹಿಂದಿನದು ಕಿವಿಗೆ ಮಾತ್ರ ತಿಳಿಯುವಂಥದ್ದು, ಅದೂ ಕಿಟಕಿಯ ಗಾಜು ಇಳಿಸಿ, ಫ್ಯಾನು ನಿಲ್ಲಿಸಿ, ಪಕ್ಕದಲ್ಲಿರುವವರು ಮಾತು ನಿಲ್ಲಿಸಿದ ಮೇಲೆ. ಈ ಮೂರನೆಯದು ನಮ್ಮ ಕಾರಿನಲ್ಲಿ ಸುಲಭ, ಅವರು ಮಾತಾಡುವುದೇ ಕಡಿಮೆ.

ಮಾರನೆಯ ದಿನ ಶಾಲೆಗೆ ಹೋಗುವಾಗ, ಒಬ್ಬಳೇ ಇದ್ದೆ, ಗುಬ್ಬಿಯವರೆಗೂ ಕಿವಿ ನೆಟ್ಟಗೆ ಮಾಡಿಕೊಂಡು ಹೋದರೂ ಸದ್ದು ಬರಲಿಲ್ಲ. ಆದರೂ ಸಂಜೆ ರಂಗಣ್ಣನ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ರಂಗಣ್ಣ ಗುಬ್ಬಿಯ ಹಳೆಯ ಮೆಕ್ಯಾನಿಕ್, ನನ್ನದೇ ವಯಸ್ಸು, ಬೋರ್ಡಿಲ್ಲದ ಅಂಗಡಿ. ಕಾರನ್ನು ಮುಟ್ಟುವ ಮೊದಲು ಅವನು ಮುಟ್ಟಿದ್ದು ನನ್ನ ಅಭಿಮಾನವನ್ನು.

"ಎಂಗ್ ಬರ್ತೈತೆ ಮೇಡಂ ಸೌಂಡು? ಬಾಯಲ್ಲಿ ಮಾಡಿ ತೋರ್ಸಿ."

"ಉಜ್ಜುವ ಹಾಗೆ" ಎಂದೆ.

"ಉಜ್ಜೋದು ಅಂದ್ರೆ ನೂರೆಂಟು ಥರ ಅವೆ. ಕಿರ್ ಅಂದ್ರೆ ಲೈನಿಂಗ್ ಮುಗ್ದೈತೆ ಅಂತ, ಗರ್ ಅಂದ್ರೆ ಬೇರಿಂಗು, ಕಟ ಕಟ ಅಂದ್ರೆ ಒಳ್ಗಡೆ ಏನೋ ಸಡ್ಲ ಆಗೈತೆ. ನಾಚ್ಕೋಬೇಡಿ. ಡಾಕ್ಟ್ರ ತಾವ ಹೋದ್ರೆ ಕೆಮ್ಮಿ ತೋರ್ಸಲ್ವಾ?"

ಗೆಳೆಯರೇ, ನಾನು ಇಪ್ಪತ್ತಾರು ವರ್ಷ ಅನುಕರಣಾವ್ಯಯ ಪಾಠ ಮಾಡಿದವಳು. ಕಿವಿಗೆ ಕೇಳಿದ ಸದ್ದನ್ನು ಕೇಳಿದ ಹಾಗೆಯೇ ಅನುಕರಿಸಿ ಹೇಳುವ ಪದಗಳು ಎಂದು ಬೋರ್ಡಿನ ಮೇಲೆ ಬರೆದು, ಧಗಧಗ, ಸರಸರ, ಪಟಪಟ, ಚಟಚಟ ಎಂದು ಉದಾಹರಣೆ ಕೊಟ್ಟು, ಉದಾಹರಣೆಗೆ ಒಂದು ಅಂಕವೆಂದು ಎಷ್ಟೋ ಸಾವಿರ ಉತ್ತರಪತ್ರಿಕೆಗಳಲ್ಲಿ ತಿದ್ದಿದವಳು. ಗುಬ್ಬಿಯ ಬೀದಿಯಲ್ಲಿ ನಿಂತು ಒಂದೇ ಒಂದು ಸದ್ದನ್ನು ಅನುಕರಿಸಲು ನನ್ನಿಂದಾಗಲಿಲ್ಲ. ಸರಸರ ಎಂದು ನೋಡಿದೆ, ಅದು ಹಾವಿನದು. ಪರಪರ ಎಂದೆ, ಅದು ಕೆರೆದುಕೊಳ್ಳುವುದು. ಪಾತ್ರೆ ತಿಕ್ಕುವ ಸದ್ದೋ ಎಂದರೆ ಅಷ್ಟು ಒರಟಲ್ಲ, ಈಳಿಗೆಮಣೆ ಮಸೆಯುವುದೋ ಎಂದರೆ ಅಷ್ಟು ಹರಿತವಲ್ಲ. ಪಕ್ಕದ ಹೂವಿನಂಗಡಿಯವಳು ಕಟ್ಟುವುದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ನಮ್ಮತ್ತೆ ಬೆಳಿಗ್ಗೆ ಸಾಣೆಕಲ್ಲಿನ ಮೇಲೆ ಗಂಧ ತೇಯುತ್ತಿದ್ದದ್ದು ನೆನಪಾಯಿತು.

"ಸ್ಸೊರ್... ಸ್ಸೊರ್..." ಎಂದೆ. "ಗಂಧ ತೇಯುವ ಹಾಗೆ, ರಂಗಣ್ಣ."

ರಂಗಣ್ಣನ ಮುಖ ಅರಳಿತು. "ಹಂಗ್ ಹೇಳಿ ಮತ್ತೆ! ಶೂ ಬಿಟ್ಕೋತಾ ಇಲ್ಲ. ಪೂರ್ತಿ ಹಿಡ್ಕೊಂಡೂ ಇಲ್ಲ, ಪೂರ್ತಿ ಬಿಟ್ಟೂ ಇಲ್ಲ. ಅದೇ ಈ ಸೌಂಡು."

ಜಾಕಿ ಏರಿಸಿ, ಚಕ್ರ ಕಳಚಿ, ಅದರ ಹಿಂದಿನ ಡ್ರಮ್ಮು ಬಿಚ್ಚಿ ನನಗೆ ತೋರಿಸಿದ. ಬಟ್ಟಲಿನಂಥ ಕಬ್ಬಿಣದ ಡ್ರಮ್ಮು, ಅದರೊಳಗೆ ಅರ್ಧಚಂದ್ರಾಕಾರದ ಎರಡು ತುಂಡುಗಳು. ಅವನ್ನೇ ಅವನು ಶೂ ಎಂದದ್ದು. ಬ್ರೇಕು ಒತ್ತಿದರೆ ಅವೆರಡೂ ಅಗಲವಾಗಿ ಡ್ರಮ್ಮನ್ನು ಒಳಗಿನಿಂದ ಅಮುಕುತ್ತವೆ, ಬಿಟ್ಟರೆ ಸ್ಪ್ರಿಂಗು ಅವನ್ನು ಎಳೆದು ಒಳಗೆ ಕೂರಿಸುತ್ತದೆ. ಹ್ಯಾಂಡ್ ಬ್ರೇಕು ಎಳೆದರೂ ಅವೇ ಶೂಗಳು, ಅದೇ ಡ್ರಮ್ಮು. ಸ್ಪ್ರಿಂಗು ಚೆನ್ನಾಗಿತ್ತು, ಶೂಗಳ ಮೈಗೆ ಅಂಟಿಸಿದ ಲೈನಿಂಗು ದಪ್ಪಗೇ ಇತ್ತು, ಕೇಬಲ್ಲು ಸಲೀಸಾಗಿ ಆಡುತ್ತಿತ್ತು. ಡ್ರಮ್ಮಿನ ಒಳಮೈಯನ್ನು ಬೆರಳಿನಿಂದ ಸವರಿ, "ಬಿಸಿ ಆಗೈತೆ ನೋಡಿ, ಬಣ್ಣ ತಿರುಗೈತೆ" ಎಂದ. ಆಮೇಲೆ ಮೆಲ್ಲಗೆ, "ಹ್ಯಾಂಡ್ ಬ್ರೇಕ್ ಎಳ್ಕೊಂಡೇ ಓಡ್ಸಿದ್ರಾ ಮೇಡಂ?" ಎಂದು ಕೇಳಿದ.

ನನಗೆ ಸಿಟ್ಟು ಬಂತು. ಹೆಂಗಸು ಕಾರು ತಂದರೆ ಕೇಳುವ ಮೊದಲ ಪ್ರಶ್ನೆ ಅದು. "ಎಳೆದಿದ್ದರೆ ಮೀಟರಿನಲ್ಲಿ ಕೆಂಪು ದೀಪ ಹತ್ತುತ್ತದೆ, ಅಷ್ಟು ನನಗೂ ಗೊತ್ತು. ಹತ್ತೇ ಇಲ್ಲ" ಎಂದೆ. ಹೆಡ್ ಮೇಡಂ ಆಗುವ ಮೊದಲೇ ಆ ದನಿ ನನಗೆ ಬಂದುಬಿಟ್ಟಿತ್ತು. ರಂಗಣ್ಣ ಎಲ್ಲವನ್ನೂ ಒರೆಸಿ ತಿರುಗಿ ಜೋಡಿಸಿ, ಒಂದು ಸುತ್ತು ಓಡಿಸಿ ನೋಡಿದ, ಸದ್ದಿಲ್ಲ ಎಂದ. "ಬಂದ್ರೆ ತಿರ್ಗಾ ಬನ್ನಿ" ಎಂದು ಕಳಿಸಿದ.

ಬುಧವಾರ ನಮ್ಮನೆಯವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಸದ್ದು ಬಂತು. ಗುರುವಾರ, ಶುಕ್ರವಾರ ಒಬ್ಬಳೇ ಗುಬ್ಬಿಗೆ ಹೋಗಿ ಬಂದೆ, ಇಲ್ಲ. ಶನಿವಾರ ಇಬ್ಬರೂ ನಾದಿನಿಯ ಮನೆಗೆ ಹೊರಟೆವು, ಹೋಗುವಾಗ ಬಂತು, ನಿಲ್ಲಿಸಿ ತಿರುಗಿ ಹೊರಟಾಗ ಹೋಗಿತ್ತು, ಅರ್ಧ ದಾರಿಯಲ್ಲಿ ಮತ್ತೆ ಬಂತು. ಪ್ರತಿ ಸಲವೂ ಅವರು "ಕೇಳುಸ್ತಾ?" ಎನ್ನುವರು. ಕೇಳಿಸುತ್ತಿತ್ತು. ಸದ್ದಿಗೂ ಅವರಿಗೂ ಏನೋ ಒಳಸಂಬಂಧವಿದೆ ಎಂದು ನನಗೆ ಹೊಳೆದದ್ದು ಆಗ. ಅವರ ತೂಕವೇ ಕಾರಣವೆಂದುಕೊಂಡೆ. ರಾತ್ರಿಯ ಮುದ್ದೆ ಎರಡರಿಂದ ಒಂದಕ್ಕೆ ಇಳಿಸಿದರೆ ಬ್ರೇಕು ಸರಿಹೋದೀತು ಎಂದು ಗಂಭೀರವಾಗಿ ಲೆಕ್ಕ ಹಾಕಿದೆ. ಇನ್ನೊಂದು ವಿಷಯವೂ ಮನಸ್ಸಿಗೆ ಬಂತು, ಬಂದದ್ದನ್ನು ಬದಿಗೆ ಸರಿಸಿದೆ: ಬಡ್ತಿಯ ಆದೇಶ ಬರುವ ಮೊದಲು ಈ ಸದ್ದು ಇರಲಿಲ್ಲ. ಹದಿನೈದರಲ್ಲಿ ಉಳಿದದ್ದು ಐದು ದಿನ. ಬಡ್ತಿ ಬೇಡವೆಂಬ ಪತ್ರದ ಒಕ್ಕಣೆಯೂ ತಲೆಯಲ್ಲಿ ತಾನಾಗಿ ಸಿದ್ಧವಾಗುತ್ತಿತ್ತು, ಅದೂ ವ್ಯಾಕರಣದೋಷವಿಲ್ಲದೆ, ನನ್ನ ಮೇಲೆ ನನಗೇ ಅಸಹ್ಯವಾಗುವಷ್ಟು ಅಂದವಾಗಿ.

ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ರಂಗಣ್ಣ, "ಯಜಮಾನ್ರನ್ನೂ ಕರ್ಕೊಂಡ್ ಬನ್ನಿ, ನಾನ್ ಹಿಂದ್ಗಡೆ ಕೂತ್ಕೋತೀನಿ" ಎಂದ. ಹೋದೆವು. ಗುಬ್ಬಿಯಿಂದ ಸಿ.ಎಸ್. ಪುರದ ಕಡೆಗೆ ಕಾರು ತಿರುಗಿಸಿದೆ. ನಮ್ಮನೆಯವರು ಎಂದಿನ ಹಾಗೆ ಬೆಲ್ಟು ಹಾಕಿಕೊಂಡು ಕೂತರು. ರಂಗಣ್ಣ ಹಿಂದಿನ ಸೀಟಿನಲ್ಲಿ ಒಂದು ಕಿವಿ ಸೀಟಿಗೆ ಒತ್ತಿಕೊಂಡು ಅಡ್ಡಲಾಗಿ ಮಲಗಿಬಿಟ್ಟ. ಮೂರು ಮೈಲಿ ಏನೂ ಇಲ್ಲ. ಎದುರಿಗೆ ತೆಂಗಿನಕಾಯಿಯ ಲಾರಿಯೊಂದು ರಸ್ತೆಯೆಲ್ಲ ತನ್ನದೇ ಎಂಬಂತೆ ಹಾರನ್ನು ಹೊಡೆದುಕೊಂಡು ಬಂತು, ನಾನು ಮಣ್ಣಿಗೆ ಇಳಿಸಿ ದಾರಿಬಿಟ್ಟು ಮತ್ತೆ ಮೇಲೆ ತಂದೆ. ಸ್ಸೊರ್, ಎಂದಿತು ಹಿಂದೆ. ಆಮೇಲೆ ಒಂದು ಬಸ್ಸು ಬಂತು. ಸದ್ದು ಇನ್ನಷ್ಟು ಜೋರಾಯಿತು.

"ಸೈಡಿಗ್ ಹಾಕಿ ಮೇಡಂ" ಎಂದ ರಂಗಣ್ಣ. ಹಾಕಿದೆ. ಹ್ಯಾಂಡ್ ಬ್ರೇಕು ಎಳೆಯಲು ಕೈ ಹಾಕಿದರೆ, "ಮುಟ್ಬೇಡಿ. ಯಜಮಾನ್ರೇ, ನೀವೂ ಅಷ್ಟೆ, ಕೈ ಹಂಗೇ ಇರ್ಲಿ" ಎಂದು ನಮ್ಮಿಬ್ಬರ ನಡುವೆ ತಲೆ ತೂರಿಸಿದ. "ಹ್ಯಾಂಡ್ ಬ್ರೇಕು ಎರಡ್ ಹಲ್ಲು ಮೇಲೆದ್ದೈತೆ ನೋಡಿ. ಆ ಲಾರಿ ಬಂದಾಗ ಒಂದು, ಬಸ್ ಬಂದಾಗ ಒಂದು. ಆ ಹಾರನ್ ಸೌಂಡಲ್ಲಿ ಕಟ್ ಅಂತ ಹಲ್ಲು ಕೂರೋದು ಯಾರ್ಗೆ ಕೇಳ್ಬೇಕು? ನಾನು ಸೀಟಿನ ಸಂದೀಲಿ ಕಣ್ಣಾರೆ ನೋಡ್ದೆ."

ನಮ್ಮನೆಯವರು ತಮ್ಮ ಕೈಯನ್ನು ಬೇರೆ ಯಾರದೋ ಕೈ ನೋಡುವಂತೆ ನೋಡಿದರು. "ನಾನಾ? ನಾನೆಲ್ಲಿ ಎಳ್ದೆ? ಸುಮ್ಕೆ ಇಟ್ಕೊಂಡಿದ್ದೆ ಕಣಪ್ಪ."

ಇಷ್ಟು ದಿನ ಯಾವ ಸದ್ದಿನಿಂದ ನನಗೆ ನಿದ್ದೆ ಬಂದಿರಲಿಲ್ಲವೋ ಅದರ ಮೂಲ ಎದುರಿಗೇ ಇತ್ತು, ಆದರೆ ಗಂಡನ ಮೇಲೆ ಬೇರೆಯವರು ತಪ್ಪು ಹೊರಿಸಿದಾಗ ಹೆಂಡತಿಯ ಬಾಯಿ ಅವಳನ್ನು ಕೇಳಿ ಮಾತಾಡುವುದಿಲ್ಲ. "ಎಳೆದಿದ್ದರೆ ದೀಪ ಹತ್ತಬೇಕಲ್ಲ ರಂಗಣ್ಣ? ಎಲ್ಲಿ ಹತ್ತಿದೆ?" ಎಂದೆ.

ಅವನು ಇನ್ನೂ ಮುಂದಕ್ಕೆ ಬಾಗಿ, ಬಿಸಿಲು ತಾಗದ ಹಾಗೆ ಎರಡೂ ಅಂಗೈಗಳಿಂದ ಮೀಟರಿನ ಮೂಲೆಗೆ ಮರೆಮಾಡಿದ. "ಹತ್ತೈತಲ್ಲ ಮೇಡಂ. ಕುಂಕುಮದೊಳ್ಗೆ."

ನೋಡಿದೆ. ಒಣಗಿದ ಬೊಟ್ಟಿನ ಅಂಚಿನಲ್ಲಿ, ಕೂದಲೆಳೆಯಷ್ಟು ಬಿರುಕಿನಲ್ಲಿ, ದೀಪದ ಕೆಂಪು ಉರಿಯುತ್ತಿತ್ತು. ಕೆಂಪಿನ ಹಿಂದೆ ಕೆಂಪು. ಅಕ್ಟೋಬರಿನಿಂದ ಈಚೆಗೆ ಆ ದೀಪವನ್ನು ನಾನು ಕಂಡೇ ಇಲ್ಲ, ಕಂಡಿಲ್ಲವಲ್ಲ ಎಂದು ಅಂದುಕೊಂಡೂ ಇಲ್ಲ.

"ಇದ್ಯಾರು ಇಟ್ಟಿದ್ದು?" ಎಂದ ರಂಗಣ್ಣ.

"ನಾನೇ" ಎಂದೆ.

ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ; ಅದು ಅವನ ದೊಡ್ಡತನ. "ಒಂದ್ ಬೀಡಿ ಸೇದ್ಕೊಂಡ್ ಬರ್ತೀನಿ" ಎಂದು ಇಳಿದು, ರಸ್ತೆಯಾಚೆಯ ರಾಗಿ ಹೊಲದ ಬದುವಿನ ಮೇಲೆ ನಮಗೆ ಬೆನ್ನು ಹಾಕಿ ಕೂತ.

ಕಾರಿನಲ್ಲಿ ನಾವಿಬ್ಬರೇ. ಅವರು ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನನಗೆ ಸಿಟ್ಟಿತ್ತು, ಚೆನ್ನಾಗಿಯೇ ಇತ್ತು. "ನಿಜ ಹೇಳಿ, ನಾನು ಅಲ್ಲಿಗೆ ಹೋಗೋದು ನಿಮಗೆ ಬೇಡ ಅಲ್ವಾ?" ಎಂದೆ.

"ಬೇಡ ಅಂತ ಯಾವತ್ತಾರ ಅಂದಿದೀನಾ?"

"ಬಾಯಲ್ಲಿ ಅಂದಿಲ್ಲ."

ರಾಗಿ ಹೊಲದ ಕಡೆ ಮುಖ ತಿರುಗಿಸಿದರು. "ಆ ರೂಟು ಹನ್ನೊಂದು ವರ್ಷ ಮಾಡಿದೀನಿ ಜಯ. ಯಾವ ತಿರುವಲ್ಲಿ ಏನೇನ್ ನೋಡಿದೀನಿ ಅಂತ ಒಂದಿನಾನೂ ನಿನಗೆ ಹೇಳಿಲ್ಲ. ಬಸ್ಸಲ್ಲಾದ್ರೆ ನಾನ್ ಸೀಟಿ ಹೊಡುದ್ರೆ ನಿಲ್ತಿತ್ತು ಕಣೇ. ಇಲ್ಲಿ ನನ್ ಕೈಲೇನೈತೆ?"

ಅವರ ಕೈಯಲ್ಲಿ ಏನಿತ್ತು ಎಂದು ಮೂವರೂ ಈಗಷ್ಟೇ ನೋಡಿದ್ದೆವು.

ಆಮೇಲೆ ಬಹಳ ಯೋಚಿಸಿದ್ದೇನೆ. ವಾಹನವನ್ನು ನಿಲ್ಲಿಸುವುದಕ್ಕೆ ಹಿಡಿಯಬೇಕು, ಓಡಿಸುವುದಕ್ಕೆ ಬಿಡಬೇಕು. ಇವೆರಡೂ ಮರ್ಯಾದೆಯ ಕೆಲಸಗಳೇ. ಸದ್ದು ಬರುವುದು ಎರಡರ ನಡುವೆ. ಹೋಗು ಎಂದು ಬಾಯಲ್ಲಿ ಹೇಳಿ ಎರಡು ಹಲ್ಲು ಎಳೆದಿಟ್ಟರೆ ಕಾರು ನಿಲ್ಲುವುದಿಲ್ಲ, ಹೋಗುತ್ತದೆ, ಆದರೆ ಒಳಗೊಳಗೇ ಬಿಸಿಯಾಗಿ ತೇಯ್ದುಕೊಂಡು ಹೋಗುತ್ತದೆ. ಅವರು ಬೇಡ ಎಂದೇ ಬಿಟ್ಟಿದ್ದರೆ ನಾನು ಜಗಳವಾಡಿ ಹೋಗುತ್ತಿದ್ದೆನೋ, ಅತ್ತು ಪತ್ರ ಬರೆಯುತ್ತಿದ್ದೆನೋ, ಏನೋ ಒಂದಾಗುತ್ತಿತ್ತು. ಅವರು ಸುಳ್ಳನ್ನೂ ಹೇಳಲಿಲ್ಲ, ಮೋಸವನ್ನೂ ಮಾಡಲಿಲ್ಲ; ಕೈಗೆ ಭಯವಾದದ್ದು ಅವರಿಗೇ ತಿಳಿದಿರಲಿಲ್ಲ. ಅವರೊಬ್ಬರನ್ನೇ ಅಂದು ಪ್ರಯೋಜನವೂ ಇಲ್ಲ. ಮೂವತ್ತು ವರ್ಷ ಜೊತೆಗಿದ್ದವಳಿಗೆ ಪಕ್ಕದ ಸೀಟಿನ ಭಯ ಕಾಣಿಸಲಿಲ್ಲವೆಂದರೆ, ಅದನ್ನು ತೋರಿಸುವ ದೀಪದ ಮೇಲೆ ಮಂಗಳದ್ರವ್ಯ ಹಚ್ಚಿ ಕಾಪಾಡಿಕೊಂಡು 'ಹತ್ತೇ ಇಲ್ಲ' ಎಂದು ಊರವರ ಮುಂದೆ ದನಿ ಎತ್ತಿದವಳು ನಾನೇ ತಾನೇ. ಕಾಣದಿರಲಿ ಎಂದು ಹಚ್ಚಿದ್ದಲ್ಲ, ನಿಜ. ಹಚ್ಚಿದ ಮೇಲೆ ಕಾಣದಿದ್ದದ್ದು ಅನುಕೂಲವಾಗಿತ್ತು ಎಂಬುದೂ ನಿಜ.

ಮನೆಗೆ ಬಂದು ಕಾರು ನಿಲ್ಲಿಸಿದ ಮೇಲೆ ಆ ಬೊಟ್ಟನ್ನು ತೆಗೆಯಬೇಕಲ್ಲ ಎಂದು ಕೂತೆ. ಬೆರಳು ಗಾಜಿನವರೆಗೆ ಹೋಯಿತು, ಮುಂದೆ ಹೋಗಲಿಲ್ಲ. ವಿಚಾರವಂತಳೆಂದು ನನ್ನ ಬಗ್ಗೆ ನನಗೆ ಸ್ವಲ್ಪ ಜಂಬವಿದೆ. ಆದರೂ ಗಂಡ ಪಕ್ಕದಲ್ಲಿ ಕೂತಿರುವಾಗ, ಆ ಮಾತುಗಳನ್ನೆಲ್ಲ ಆಡಿ ಬಂದ ದಿನ, ಕುಂಕುಮಕ್ಕೆ ಕೈ ಹಚ್ಚಿ ಅಳಿಸುವುದು ನನ್ನಿಂದಾಗಲಿಲ್ಲ. ಅವರು ನೋಡಿದರು. ಹೆಗಲ ಮೇಲಿನ ಟವಲಿನ ತುದಿಗೆ ಬಾಟಲಿಯಿಂದ ನೀರು ಹಾಕಿಕೊಂಡು, ನನ್ನ ಕೈ ಸರಿಸಿ, ತಾವೇ ಒರೆಸಿದರು. ಒಮ್ಮೆಗೆ ಹೋಗಲಿಲ್ಲ, ಉಜ್ಜಬೇಕಾಯಿತು. "ಮುಂದಿನ್ ಹಬ್ಬಕ್ಕೆ ಇಡುವಂತೆ, ಬೇರೆ ಕಡೆ ಜಾಗ ನೋಡು" ಎಂದರು. ಕುಂಕುಮ ಹೋದ ಜಾಗದಲ್ಲಿ ದೀಪ ಕಣ್ಣಿಗೆ ರಾಚುವಂತೆ ಹೊಳೆಯಿತು. ಆ ಕೆಂಪು ಅಷ್ಟು ಜೋರಾಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು.

ಅಂದು ಸಂಜೆ ಅವರು ನನಗೆ ನೋಟ್‌ಬುಕ್ಕು ತರಲು ಹೇಳಿ, ಕುಣಿಗಲ್ಲಿನಿಂದ ಮುಂದಕ್ಕೆ ಒಂದೊಂದೇ ಸ್ಟಾಪಿನ ಹೆಸರನ್ನು ಬಸ್ಸಿನಲ್ಲಿ ಕೂಗಿದ ಹಾಗೆಯೇ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಈ ಹುಣಸೆಮರದ ತಿರುವಲ್ಲಿ ಎದುರಿನದು ಕಾಣಲ್ಲ, ಹಾರನ್ ಹೊಡಿ. ಇಲ್ಲಿ ಸಂಜೆ ಹೊತ್ತು ಕುರಿ ಮಂದೆ ಅಡ್ಡ ಬರ್ತವೆ. ಈ ಇಳಿಜಾರಲ್ಲಿ ಗೇರು ಇಳ್ಸ್ಕೋ, ಬ್ರೇಕ್ ಒಂದನ್ನೇ ನಂಬಬೇಡ. ಹನ್ನೊಂದು ವರ್ಷ ಹೇಳದೆ ಇಟ್ಟುಕೊಂಡದ್ದನ್ನು ಹೇಳಿ ಮುಗಿಸಲು ಒಂದು ಗಂಟೆ ಸಾಕಾಯಿತು. ನಡುವೆ ಎರಡು ಕಡೆ ಸುಮ್ಮನಾದರು. ಆ ತಿರುವುಗಳಲ್ಲಿ ಏನಾಗಿತ್ತು ಎಂದು ನಾನು ಕೇಳಲಿಲ್ಲ, ಪಕ್ಕದಲ್ಲಿ ಗುರುತು ಹಾಕಿಕೊಂಡೆ.

ಹದಿನೈದನೆಯ ದಿನ ಗುರುವಾರ. ಬೆಳಿಗ್ಗೆ ಸ್ನಾನ ಮುಗಿಸಿ, ಆದೇಶದ ಪ್ರತಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಕಾರಿನಲ್ಲಿ ಕೂತೆ. ಎಡಗಡೆಯ ಸೀಟಿನ ಮೇಲೆ ಊಟದ ಡಬ್ಬಿ, ಅದರ ಕೆಳಗೆ ನೋಟ್‌ಬುಕ್ಕು. ನಾನೂ ಬರಲಾ ಎಂದು ಅವರು ಕೇಳಿಯಾರೆಂದು ಕಾದೆ, ಕೇಳಲಿಲ್ಲ; ಕೇಳಿದ್ದರೆ ಬನ್ನಿ ಎಂದುಬಿಡುತ್ತಿದ್ದೆ. ಗಾಜಿನ ಮೂಲೆಯಲ್ಲಿ ಕುಂಕುಮವಿದ್ದ ಕಡೆ ನಸುಗೆಂಪಿನ ಕಲೆಯೊಂದು ಉಳಿದುಕೊಂಡಿದೆ, ಅದು ಇನ್ನು ಹೋಗುವ ಹಾಗೆ ಕಾಣೆ. ಅದರ ಹಿಂದೆ ದೀಪ ಉರಿಯುತ್ತಿತ್ತು. ಹ್ಯಾಂಡ್ ಬ್ರೇಕು ಇಳಿಸಿದೆ. ದೀಪ ಆರಿತು ಎನ್ನಬಾರದು, ಶಾಂತವಾಯಿತು ಎನ್ನಬೇಕು ಎಂದು ನನ್ನತ್ತೆ ಹೇಳುತ್ತಿದ್ದರು. ಇರಲಿ, ಈ ಒಂದು ದೀಪ ಮಾತ್ರ ಆರಿದರೇ ಹೊರಡಬಹುದು, ಆರಿತು.

ಕನ್ನಡಿಯಲ್ಲಿ ನೋಡಿದೆ. ಅವರು ಕಾರಿನ ಹಿಂದೆ ನಿಂತಿದ್ದರು. ರಸ್ತೆಯ ಈಚೆ ನೋಡಿದರು, ಆಚೆ ನೋಡಿದರು. ಆಮೇಲೆ ಅಂಗೈಯಿಂದ ಡಿಕ್ಕಿಯ ಮೇಲೆ ಎರಡು ಸಲ ಬಡಿದರು. ದಬ್, ದಬ್. ಈ ಸದ್ದನ್ನು ಹೇಗೆ ಬರೆಯಬೇಕೆಂದು ನನಗೆ ಗೊತ್ತು.

"ರೈಟ್" ಎಂದರು. ಹೊರಟೆ.